ಹ್ಯೂಸ್ಟನ್ನಿನ ಸರ್ವರ್, ಆಸ್ಟಿನ್ನಿನ ಉತ್ತರ

ವಿಚಿತ್ರ ಅನುಭವಗಳ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಕಾಫಿ ಮಾಡಲು ಹೋಗಿಬಿಡುತ್ತಿದ್ದೆ. ಕಂಪ್ಯೂಟರಿನ ಕೆಲಸದಲ್ಲೇ ತಲೆ ನರೆತವಳು ನಾನು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ ಅಷ್ಟೇ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ವಿಷಯದಲ್ಲಿ ನನ್ನ ಹುಡುಕಾಟ ಎಲ್ಲಿಗೂ ಮುಟ್ಟಲಿಲ್ಲ.

ಆಗ ಡಯಾಲಿಸಿಸ್ ಕ್ಲಿನಿಕ್‌ಗಳನ್ನು ನಡೆಸುವ ಒಂದು ಸಣ್ಣ ಸಂಸ್ಥೆಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ, ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಯಿಂದಲೇ. ಮುಖ್ಯ ಸರ್ವರ್ ಹ್ಯೂಸ್ಟನ್‌ನಲ್ಲಿತ್ತು. ಇಂಟರ್‌ನೆಟ್‌ನಿಂದ ಯಾರಾದರೂ ಸರ್ವರ್‌ನ ಬಾಗಿಲು ತಟ್ಟಿದರೆ, ಅದು ಉತ್ತರಿಸುವ ರೀತಿಯಿಂದಲೇ ಒಳಗಿರುವ ಆಪರೇಟಿಂಗ್ ಸಿಸ್ಟಮ್ ಯಾವುದು, ಎಷ್ಟು ಹಳೆಯದು ಎಂದು ಊಹಿಸಬಹುದು. ಅಷ್ಟು ತಿಳಿದರೆ ಎಲ್ಲಿಂದ ನುಗ್ಗಬೇಕೆಂಬುದು ಕಳ್ಳರಿಗೆ ಗೊತ್ತಾಗುತ್ತದೆ. ಆ ಗುರುತನ್ನು ಮರೆಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಉತ್ತರದ ಧಾಟಿ ಬದಲಿಸಿ, ಹೊರಗಿನಿಂದ ಸ್ಕ್ಯಾನ್ ಮಾಡಿ ನೋಡಿದೆ. ಯಾವ ಸಿಸ್ಟಮ್ ಎಂದು ಹೇಳಲಾಗದು ಎಂದು ಬಂತು. ಖುಷಿಯಾಯಿತು.

ಇನ್ನೊಬ್ಬರೂ ನೋಡಲಿ ಎಂದು ಡಲ್ಲಾಸ್ ಹತ್ತಿರದ ಕ್ಯಾರಲ್ಟನ್‌ನಲ್ಲಿದ್ದ ಸಹೋದ್ಯೋಗಿ ರಾಘವೇಂದ್ರ ಅವರಿಗೆ ಹೇಳಿದೆ. ಧಾರವಾಡದವರು, ನಿಧಾನಸ್ಥರು. ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು.

“ಏನ್ ಮುಚ್ಚೀರಿ ಮೇಡಂ? ಎಲ್ಲಾ ಖುಲ್ಲಾ ಕಾಣಸ್ತದ. ವರ್ಷನ್ ಸುದ್ದಾ ಹೇಳ್ಲಿಕ್ಕತ್ತದ.”

“ಬೇರೆ ಅಡ್ರೆಸ್ ಹಾಕಿರ್ತೀರ, ಇನ್ನೊಂದ್ಸಲ ನೋಡಿ.”

“ಮತ್ತ ಮತ್ತ ನೋಡೇನ್ರಿ. ಬೇಕಾದ್ರ ನೀವ ನೋಡ್ರಿ.”

ತಮ್ಮ ಸ್ಕ್ರೀನ್ ತೋರಿಸಿದರು. ವಿಳಾಸ ಸರಿಯಾಗಿಯೇ ಇತ್ತು. ಆದರೆ ಅಲ್ಲಿ ಕಂಡ ವರ್ಷನ್ ನಮ್ಮ ಮುಖ್ಯ ಸರ್ವರ್‌ನಲ್ಲಿ ಎಂದೂ ಇರಲಿಲ್ಲ. ಅದು ಇದ್ದದ್ದು ಒಂದೇ ಕಡೆ: ಆಸ್ಟಿನ್ ಕ್ಲಿನಿಕ್ಕಿನ ಹಳೆಯ ಯಂತ್ರದಲ್ಲಿ. ಅದನ್ನು ಎಂದೋ ಆಫ್ ಮಾಡಿಯಾಗಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಕೂಡಲೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನರ್ಸ್ ಒಬ್ಬರು ಹಿಂದಿನ ಕೋಣೆಗೆ ಹೋಗಿ ನೋಡಿ, ಅದರ ದೀಪ ಉರಿಯುತ್ತಿದೆ ಎಂದರು. ಅಪ್‌ಡೇಟ್ ಕಾಣದ ಯಂತ್ರ, ತನ್ನದೇ ಬೇರೆ ಲೈನಿನಲ್ಲಿ ಇಂಟರ್‌ನೆಟ್‌ಗೆ ತೆರೆದುಕೊಂಡು ಕೂತಿತ್ತು. ಅದರೊಳಗಿಂದ ಎಲ್ಲ ಕ್ಲಿನಿಕ್‌ಗಳಿಗೂ ದಾರಿಯಿತ್ತು. ಆ ನರ್ಸ್ ಕೈಯಿಂದಲೇ ಅದರ ವೈರ್ ಕೀಳಿಸಿದೆ. ರಾಘವೇಂದ್ರ ಮತ್ತೆ ಸ್ಕ್ಯಾನ್ ಮಾಡಿದರು.

“ಈಗ ಏನೂ ಗೊತ್ತಾಗವಲ್ದು ನೋಡ್ರಿ,” ಎಂದರು.

ಕೆಲವೇ ದಿನಗಳಲ್ಲಿ ಅದೇ ಹಳೆಯ ವರ್ಷನ್ ಇರುವ ಯಂತ್ರಗಳನ್ನು ಹುಡುಕಿ ಹುಡುಕಿ ಕೆಡಿಸುವ ದಾಳಿ ನಡೆಯಿತು. ಬೇರೆ ಕೆಲವು ಕ್ಲಿನಿಕ್‌ಗಳಲ್ಲಿ ಎಲ್ಲ ಸ್ಥಗಿತವಾಗಿ, ರೋಗಿಗಳನ್ನು ವಾಪಸ್ ಕಳಿಸುತ್ತಿದ್ದಾರೆಂದು ಕೇಳಿದೆ. ಆ ಕಳ್ಳರು ನಮ್ಮ ಆಸ್ಟಿನ್ ಲೈನಿಗೂ ಬಂದು ತಟ್ಟಿದ್ದರು. ಉತ್ತರಿಸಲು ಅಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿಗೆ ಅದೇ ಕ್ಲಿನಿಕ್ಕಿನ ಕುರ್ಚಿಯಲ್ಲಿ ಡಯಾಲಿಸಿಸ್‌ಗೆ ಕೂತಿದ್ದವನು ನನ್ನ ಅಣ್ಣ. ಫೋನ್ ಮಾಡಿದರೆ, “ಇಲ್ಲೆಲ್ಲ ಮಾಮೂಲಾಗೇ ನಡೀತಿದೆ ಕಣೇ, ನೀನ್ಯಾಕೆ ಅಳ್ತಿದೀಯ?” ಎಂದು ನಕ್ಕ.

ಹ್ಯೂಸ್ಟನ್ನಿನ ವಿಳಾಸಕ್ಕೆ ಕೇಳಿದ ಪ್ರಶ್ನೆಗೆ ಆಸ್ಟಿನ್ನಿನ ಯಂತ್ರ ಹೇಗೆ ಉತ್ತರ ಕೊಟ್ಟಿತು? ನೆಟ್‌ವರ್ಕ್ ತಂಡದವರು ಎಲ್ಲ ಜಾಲಾಡಿದರು. ಹ್ಯೂಸ್ಟನ್ನಿಗೆ ಬಂದ ಹೊರಗಿನ ಪ್ರಶ್ನೆ ಆಸ್ಟಿನ್ನಿಗೆ ಹೋಗುವ ದಾರಿಯೇ ಇರಲಿಲ್ಲ. ನನಗೆ ಕಾಣದ್ದು ರಾಘವೇಂದ್ರರಿಗೆ ಮಾತ್ರ ಏಕೆ ಕಂಡಿತು ಎಂಬುದಕ್ಕೂ ಉತ್ತರವಿಲ್ಲ. ಅದೇ ಯಂತ್ರವನ್ನು ಹೊರಗಿನ ಲೈನಿಲ್ಲದೆ ಮತ್ತೆ ಹೊತ್ತಿಸಿಯೂ ನೋಡಿದೆವು. ಇನ್ನೊಮ್ಮೆ ಹಾಗಾಗಲಿಲ್ಲ.

ಮುಂದೆ ಡಲ್ಲಾಸ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ರಾಘವೇಂದ್ರರನ್ನು ಕೇಳಿದೆ, “ನಿಮಗೇನನ್ಸುತ್ತೆ?”

ಎಲೆ ಮುಂದೆ ಕೂತವರು ಹೋಳಿಗೆ ಮುರಿಯುತ್ತ ಹೇಳಿದರು: “ಹೇಳಿದವರು ಯಾರೋ ಏನೋ ಮೇಡಂ. ನಾವು ಕೇಳಿಸ್ಕೊಂಡ್ವಲ್ಲ, ಅದ ದೊಡ್ಡದು.”

ನಾನು ಇವತ್ತಿಗೂ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಅಣ್ಣನ ದನಿ ಫೋನಿನಲ್ಲಿ ಕೇಳಿದಾಗಲೆಲ್ಲ ಮನಸ್ಸು ಯಾರಿಗೋ ಕೈಮುಗಿಯುತ್ತದೆ. ಯಾರಿಗೆ ಎಂದು ಮಾತ್ರ ಗೊತ್ತಿಲ್ಲ.