ಟವೆಲ್ಲಿನ ಕೆಳಗಿನ ಕೈ

ಹಳೆಪೇಟೆ ದವಸ ವರ್ತಕರ ಸಂಘಕ್ಕೆ ಎಪ್ಪತ್ತೈದು ತುಂಬಿತೆಂದು ರಾಜ್ಯದ ಒಕ್ಕೂಟದವರು ಅರಸೀಕೆರೆಗೇ ಬಂದು ಸನ್ಮಾನ ಮಾಡುತ್ತೇವೆ ಅಂದರು. ಸಂಘಕ್ಕೆ ಸನ್ಮಾನವೇನೋ ಸರಿ, ಶಾಲು ಯಾರಿಗೆ ಹೊದಿಸುವುದು? ಸಂಘಕ್ಕೆ ಬೋರ್ಡಿದೆ, ಬೀಗವಿದೆ, ಹೆಗಲಿಲ್ಲ. ಅಧ್ಯಕ್ಷ ಗಂಗಾಧರಯ್ಯನವರು ಬಹಳ ಯೋಚಿಸಿದವರಂತೆ ಮುಖ ಮಾಡಿ ಕೊನೆಗೆ ಹಳೆಯ ದಲ್ಲಾಳಿ ದೇವೀರಪ್ಪನವರ ಹೆಗಲನ್ನು ಆರಿಸಿದರು. ಬರೀ ಶಾಲಲ್ಲ, ಜೊತೆಗೊಂದು ಆಟವೂ ಇತ್ತು. ಈಗ ದರವೆಲ್ಲ ಕಂಪ್ಯೂಟರಿನಲ್ಲಿ ನಿಗದಿಯಾಗುವ ಕಾಲ. ಹಿಂದೆ ಟವೆಲ್ಲಿನ ಕೆಳಗೆ ಕೈ ಹಿಡಿದು ವ್ಯಾಪಾರ ಮುಗಿಸುತ್ತಿದ್ದುದನ್ನು ವೇದಿಕೆಯ ಮೇಲೆ ಬಂದವರಿಗೆಲ್ಲ ತೋರಿಸಬೇಕು. ಕೊಳ್ಳುವವರು ಗಂಗಾಧರಯ್ಯ, ದಲ್ಲಾಳಿ ದೇವೀರಪ್ಪ.

ಸುದ್ದಿ ಕೇಳಿ ಪೇಟೆಗೆ ಪೇಟೆಯೇ ಖುಷಿಪಟ್ಟಿತು. ದೇವೀರಪ್ಪನವರ ಜೀವ ಮಾತ್ರ ಬಾಯಿಗೆ ಬಂತು.

ಮೀಸೆ ಮೂಡುವ ಮೊದಲೇ ಹಾರನಹಳ್ಳಿಯಿಂದ ಬಂದು ಮಂಡಿಯಲ್ಲಿ ತಕ್ಕಡಿ ಹಿಡಿದವರು ಅವರು. ಆಮೇಲೆ ದಲ್ಲಾಳಿಯಾದರು. ಟವೆಲ್ಲಿನ ಮರೆಯಲ್ಲಿ ಕೊಳ್ಳುವವನು ಎರಡು ಬೆರಳು ಹಿಡಿದರೆ ಇನ್ನೂರು, ಮೂರು ಹಿಡಿದರೆ ಮುನ್ನೂರು; ಸಾವಿರದ ಲೆಕ್ಕ ಇಬ್ಬರಿಗೂ ಗೊತ್ತಿದ್ದದ್ದೇ. ದಲ್ಲಾಳಿ ಟವೆಲ್ ಕೊಡವಿ ದರ ಹೇಳಿದನೆಂದರೆ ಮುಗಿಯಿತು, ಹೆಚ್ಚಾಯಿತೆಂದು ವರ್ತಕನೂ ಕಡಿಮೆಯಾಯಿತೆಂದು ರೈತನೂ ಉಸಿರೆತ್ತುವಂತಿರಲಿಲ್ಲ. ಅಂಥ ಕೈಗೆ ಕಂಪ್ಯೂಟರು ಬಂದ ಮೇಲೂ ಕೆಲಸ ತಪ್ಪಲಿಲ್ಲ. ರಾಗಿ ಹಸಿ ಎಂದು ವರ್ತಕ, ಒಣಗಿದೆ ಎಂದು ರೈತ ಜಗಳಕ್ಕೆ ನಿಂತರೆ ಅದು ದೇವೀರಪ್ಪನವರ ಮುಂದೆ ಬರುತ್ತಿತ್ತು. ಸಂಘ ತೇವ ಅಳೆಯುವ ಯಂತ್ರವನ್ನೂ ತಂದಿತ್ತು. ವರ್ತಕರ ಯಂತ್ರ ವರ್ತಕರಿಗೆ ಬೇಕಾದ್ದನ್ನೇ ಹೇಳುತ್ತದೆ ಎಂದು ರೈತರು ಅದರ ಕಡೆ ತಿರುಗಿಯೂ ನೋಡಲಿಲ್ಲ. ದೇವೀರಪ್ಪ ಮೊಣಕೈವರೆಗೆ ಚೀಲದೊಳಗೆ ಕೈಯಿಟ್ಟು ಹಸಿ ಅಂದರೆ ಹಸಿ, ದರ ಇಳಿಯಿತು. ಅದಕ್ಕೆ ಮೇಲಿನ ಮಾತಿಲ್ಲ.

ಆ ಕೈ ಸತ್ತು ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಪಾದಗಳನ್ನು ಮರಗಟ್ಟಿಸಿತು, ಆಮೇಲೆ ಬೆರಳುಗಳಿಗೆ ಬಂತು. ನರ ಸತ್ತಿದೆ, ಇನ್ನು ಸರಿಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈ ಸಂಗತಿಯನ್ನು ಹೆಂಡತಿ ವಸಂತಮ್ಮನಿಗೆ ಬಿಟ್ಟರೆ ಯಾರಿಗೂ ತಿಳಿಯಗೊಡಲಿಲ್ಲ. ತಿಳಿದರೆ ಉಳಿಯುವುದೇನು? ಪೇಟೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಕೈಯದ್ದು. ಜಗಳ ಬಂದಾಗ ರಾಗಿಯ ಬಣ್ಣ ನೋಡುತ್ತಿದ್ದರು, ವಾಸನೆ ನೋಡುತ್ತಿದ್ದರು. ಅದರಿಂದಲೂ ತಿಳಿಯದಿದ್ದಾಗ, ಪಕ್ಕದಲ್ಲಿ ನಿಂತ ವರ್ತಕ ‘ಸ್ವಲ್ಪ ಹಸಿ ಅನ್ಸುತ್ತೆ, ಅಲ್ವಾ’ ಎಂದು ಗೊಣಗಿದರೆ ಅದೇ ಜಾಡು ಹಿಡಿಯುತ್ತಿದ್ದರು. ತಪ್ಪು ಅಂತ ಗೊತ್ತಿತ್ತು. ಆದರೆ ಭಯ ದೊಡ್ಡದು, ಮುದುಕನ ಭಯವಂತೂ ಇನ್ನೂ ದೊಡ್ಡದು.

ಸಮಾರಂಭದ ದಿನ ಬೆಳಿಗ್ಗೆ ಅಡುಗೆಮನೆಯಲ್ಲೇ ಟವೆಲ್ ಹಾಸಿಕೊಂಡು ಕೂತರು. ವಸಂತಮ್ಮ ಬೆರಳು ಹಿಡಿಯಬೇಕು, ಇವರು ಹೇಳಬೇಕು. ಇವರು ಎರಡು ಅಂದರು, ಆಕೆ ನಾಲ್ಕು ಹಿಡಿದಿದ್ದರು. ಗಟ್ಟಿಯಾಗಿ ಹಿಡಿಯೇ ಎಂದು ರೇಗಿದರು. ಆಕೆ ಉಗುರು ಊರುವಷ್ಟು ಹಿಡಿದರೂ ಇವರು ಮೂರು ಅಂದರು. ಟವೆಲ್ ತೆಗೆದರೆ ಆಕೆಯ ಮುಷ್ಟಿಯಲ್ಲಿ ಒಂದೇ ಬೆರಳು, ಅದರ ಮೇಲೆ ಉಗುರಿನ ಗುರುತು.

“ಹುಷಾರಿಲ್ಲ ಅಂತ ಹೇಳಿಕಳಿಸ್ಬುಡಿ, ಮಂಚ ಬಿಟ್ಟು ಏಳ್ಲೇಬ್ಯಾಡಿ” ಎಂದು ವಸಂತಮ್ಮ ಕಣ್ಣು ಒರೆಸಿಕೊಂಡರು.

“ಇವತ್ತು ತಪ್ಪಿಸ್ಕಂಡ್ರೆ ನಾಳೆ ಮನೆಗೇ ಬಂದು ಕೈ ಕೊಡಿ ಅಂತಾರೆ ಕಣೇ” ಎಂದು ದೇವೀರಪ್ಪ ಅಂಗಿ ಹಾಕಿಕೊಂಡರು. ಗುಂಡಿಯನ್ನು ವಸಂತಮ್ಮನೇ ಹಾಕಬೇಕಾಯಿತು.

ಸಭೆಯಲ್ಲಿ ಭಾಷಣಗಳು ಮುಗಿಯುವ ಹೊತ್ತಿಗೆ ಜನ ಊಟದ ವಾಸನೆ ಹಿಡಿದಿದ್ದರು. ಶಾಲು ಬಿತ್ತು, ಹಾರ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಆಮೇಲೆ ಗಂಗಾಧರಯ್ಯ ಹೊಸ ಟವೆಲ್ಲೊಂದನ್ನು ಕೊಡವಿ ಇಬ್ಬರ ಕೈಗಳ ಮೇಲೆ ಹೊದಿಸಿದರು. ಹಿಂದಿನ ಸಾಲಿನ ರೈತರು ಎದ್ದು ನಿಂತು ನೋಡಿದರು. ದೇವೀರಪ್ಪ ಕಣ್ಣು ಮುಚ್ಚಿ ತಮ್ಮ ಕೈಯನ್ನು ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ದೇವರೇ, ಒಂದೇ ಒಂದು ಸಲ, ಇದೊಂದು ಸಲ ಎಂದು ಒಳಗೇ ಅಂಗಲಾಚಿದರು. ಬೆರಳು ಬಾಯಿ ಬಿಡಲಿಲ್ಲ. ಇನ್ನೂ ತಡಮಾಡಿದರೆ ಸಿಕ್ಕಿಬೀಳುವುದು ಖಂಡಿತ ಅನ್ನಿಸಿ, ಟವೆಲ್ ಎಳೆದು “ನಾಕು ಸಾವಿರದ ಇನ್ನೂರು” ಅಂದುಬಿಟ್ಟರು.

ಗಂಗಾಧರಯ್ಯ ದೇವೀರಪ್ಪನವರ ಮುಖವನ್ನು ಒಂದು ಗಳಿಗೆ ನೋಡಿ, ಮೈಕಿನಲ್ಲಿ ಅದೇ ದರ ಎಂದು ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ದೇವೀರಪ್ಪನವರಿಗೆ ಸತ್ತು ಹುಟ್ಟಿದಂತಾಯಿತು.

ಮೆಟ್ಟಿಲಿಳಿಯುವಾಗ ಗಂಗಾಧರಯ್ಯ ತೋಳು ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿದರು.

“ನಾನು ಬೆರಳೇ ಹಿಡೀಲಿಲ್ಲ ಕಣ್ರೀ, ಸುಮ್ನೆ ಕೈ ಇಟ್ಕಂಡಿದ್ದೆ. ಅವತ್ತೊಂದಿನ ಮಂಡೀಲಿ ಕೂತಿದ್ದಾಗ ಬೀಡಿ ಬೆರಳು ಸುಡ್ತಿದ್ರೂ ನೀವು ಮಾತಾಡ್ತಾನೇ ಇದ್ರಲ್ಲ, ಆಗಿಂದ್ಲೇ ನಮ್ಗೆಲ್ಲ ಗೊತ್ತೈತೆ. ಹಿಂಗೇ ನಡ್ಕಂಡು ಹೋಗ್ಲಿ ಬಿಡಿ.”

ಬಹಳ ಪ್ರೀತಿಯಿಂದಲೇ ಹೇಳಿದರು. ದೇವೀರಪ್ಪನವರಿಗೆ ಮೊದಲು ನಾಚಿಕೆಯಾಯಿತು, ಎಲೆಯ ಮುಂದೆ ಕೂತ ಮೇಲೆ ಬೇರೆ ಮಾತು ಹೊಳೆಯಿತು. ಕೈ ಸತ್ತಿದೆಯೆಂದು ಗೊತ್ತಿದ್ದೂ ಈ ಜನ ರೈತರ ಚೀಲಗಳನ್ನು ತನ್ನ ಮುಂದೆ ತಂದು ನಿಲ್ಲಿಸಿದರು. ಗೊತ್ತಿದ್ದೇ ಪಕ್ಕದಲ್ಲಿ ನಿಂತು ಗೊಣಗಿದರು. ಯಂತ್ರವನ್ನು ನಂಬದ ರೈತ ತನ್ನನ್ನು ನಂಬಿ ತಲೆಯಾಡಿಸಿ ಹೋಗಿದ್ದ. ತಾನು ಬಚ್ಚಿಟ್ಟಿದ್ದೆ ಅಂದುಕೊಂಡದ್ದನ್ನು ಅವರು ಚೆನ್ನಾಗಿ ದುಡಿಸಿಕೊಂಡಿದ್ದರು. ಹೋಳಿಗೆ ಎಲೆಯಲ್ಲೇ ಉಳಿಯಿತು.

ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬ ಕಾದಿದ್ದ. ಕಣಕಟ್ಟೆಯ ಜವರಣ್ಣ. ಬೆಳಿಗ್ಗೆ ಗಂಗಾಧರಯ್ಯನವರ ಮಂಡಿಯಲ್ಲಿ ರಾಗಿ ಇಳಿಸಿದ್ದಾನೆ, ಅವರು ಹಸಿ ಅಂದಿದ್ದಾರೆ. ಬಿಸಿಲಿಗೆ ಹರವಿ ಹರವಿ ಒಣಗಿಸಿದ್ದೀನಿ, ದೇವೀರಪ್ಪನವರ ಕೈ ಹೇಳಲಿ, ಅಲ್ಲಿಯವರೆಗೆ ಚೀಲ ಮುಟ್ಟಬೇಡಿ ಎಂದು ಹಟ ಹಿಡಿದು ಕೂತಿದ್ದನಂತೆ. ಒಂದು ಚೀಲವನ್ನು ಹೊತ್ತು ತಂದು ಬಾಯಿ ಬಿಚ್ಚಿಟ್ಟಿದ್ದ.

ದೇವೀರಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

“ಜವರಣ್ಣ, ನನ್ ಕೈಗೆ ಏನೂ ಗೊತ್ತಾಗಲ್ಲ ಕಣಪ್ಪ. ಎರಡು ವರ್ಸ ಆಯ್ತು. ಯಂತ್ರಕ್ಕೇ ಹಾಕ್ಸು, ನೀನೇ ಮುಂದೆ ನಿಂತು ಹಾಕ್ಸು.”

ಜವರಣ್ಣ ನಕ್ಕ. “ಈಗ ಅಷ್ಟು ಜನದ ಮುಂದೆ ಬೆರಳು ಹಿಡಿದು ದರ ಹೇಳಿದ್ದು ಯಾರ್ ಕೈ ಮತ್ತೆ?”

ಅದು ಸುಳ್ಳು, ಬರೀ ಸುಳ್ಳು ಎಂದು ದೇವೀರಪ್ಪ ಬಡಬಡಿಸಿದರು. ಸುತ್ತ ಇದ್ದವರು ತಿರುಗಿ ನೋಡಿದರು. ಗಂಗಾಧರಯ್ಯ ಎಲೆಯಡಿಕೆ ಜಗಿಯುತ್ತಾ ಬಂದು, ಜಾರಿದ್ದ ಶಾಲನ್ನು ಅವರ ಹೆಗಲಿಗೆ ಸರಿಮಾಡಿದರು.

“ಬೆಳಗ್ಗಿಂದ ದಣಿದವ್ರೆ ಪಾಪ. ರಾಗಿ ಹಸಿ ಐತೆ, ಜವರಣ್ಣ. ಮಖ ನೋಡ್ಕಂಡು ಹೇಳಕ್ಕೆ ಅವ್ರಿಗೆ ಸಂಕೋಚ, ಅದ್ಕೇ ಹಿಂಗೆ ಸುತ್ತಿ ಬಳಸಿ ಹೇಳ್ತಾವ್ರೆ.”

“ನಾನು ಹಂಗಂದಿಲ್ಲ” ಎಂದರು ದೇವೀರಪ್ಪ. ದನಿ ಒಡೆದುಹೋಗಿತ್ತು.

ಜವರಣ್ಣನ ನಗು ಮಾಯವಾಯಿತು. ಇಷ್ಟು ದೊಡ್ಡ ಮನುಷ್ಯ ತನ್ನ ಒಂದು ಚೀಲ ರಾಗಿಗೆ ಇಷ್ಟು ಒದ್ದಾಡುತ್ತಿದ್ದಾರಲ್ಲ ಎಂದು ಅವನಿಗೇ ಸಂಕಟವಾಯಿತು. ನಿಮ್ಮ ಮಾತಿಗೆ ಎದುರಾಡುವವನಲ್ಲ ನಾನು, ನೊಂದುಕೋಬೇಡಿ ಎಂದು ಅವರ ಬಲಗೈಯನ್ನು ಬೆನ್ನ ಹಿಂದಿನಿಂದ ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ, ದೇವೀರಪ್ಪನವರಿಗೆ ತಿಳಿಯಲಿಲ್ಲ.