ನಿಂತು ಹೇಳಬಾರದ ಸುದ್ದಿ

ಬೋರಗಾಂವದಿಂದ ಸೊಸೆಯಾಗಿ ಬಂದು, ರಾಯಬಾಗದ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದ ತಾರವ್ವನಿಗೆ ಅಂದು ಬೆಳಗಿನಿಂದ ಹೊಟ್ಟೆ ಉರಿಯುತ್ತಿತ್ತು. ಕಾರಣ ಜೊತೆಯ ಆಯಾ ದಿಲಶಾದಬಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ ಅಷ್ಟೇ, ಆಗಲೇ ಎಲ್ಲರ ಮುಂದೆ ಮೆರೆಯುವುದು!

ಅಂದು ಡಾಕ್ಟರರಿಗೆ ತರಬೇತಿ. ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಗೆ ತಿಳಿಸಬೇಕು, ತಿಳಿಸಿದ ಮೇಲೆ ತಮ್ಮ ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಎಂದು ಕಲಿಸಲು ಬೆಳಗಾವಿಯಿಂದ ಒಬ್ಬ ಮೇಡಂ ಬಂದಿದ್ದರು. ರೋಗಿಯ ತಾಯಿಯ ಪಾತ್ರಕ್ಕೆ ಒಬ್ಬ ಹೆಂಗಸು ಬೇಕೆಂದಾಗ ತಾರವ್ವ ಸೆರಗು ಸರಿಮಾಡಿಕೊಂಡು ನಿಂತಳು. ಮತ್ತೆ ಯಾರು? ಹೋದ ತಿಂಗಳು ಡಾಕ್ಟರ್ ರೂಪೇಶ ಇಂಥದೇ ಸುದ್ದಿ ಹೇಳಲಾರದೆ ಬಾತ್‌ರೂಮಿನ ಚಿಲಕ ಹಾಕಿಕೊಂಡು ಅಳುತ್ತ ಕೂತಾಗ, ಹೊರಗೆ ಕಾಯುತ್ತಿದ್ದ ಮಂದಿಗೆ ಹೇಳಿದವಳು ಯಾರು? ಆದರೆ ಮೇಡಂ ಬೊಟ್ಟು ಮಾಡಿದ್ದು ದಿಲಶಾದಬಿಯತ್ತ.

"ಅಕಿಗೇನು ಗೊತ್ತೈತಿ?" ಎಂದು ತಾರವ್ವ ಪಕ್ಕದಲ್ಲಿದ್ದ ನರ್ಸ್ ಕೋಮಲಳ ಮುಂದೆ ಸಿಟ್ಟು ಕಾರಿದಳು.

ರೂಪೇಶ ಎದುರು ನಿಂತು, ಪಾಠ ಒಪ್ಪಿಸುವವನಂತೆ ಶುರು ಮಾಡಿದ. ದಿಲಶಾದಬಿ ಅವನ ತೋಳು ಹಿಡಿದಳು.

"ನಿಂತು ಹೇಳಬ್ಯಾಡ್ರಿ ಸಾಹೇಬ್ರ. ಮೊದಲ ನೀವು ನೆಲಕ್ಕ ಕೂಡ್ರಿ. ನಿಮ್ಮನ್ನ ನೋಡಿ ನಾವೂ ಕೂಡ್ತೇವಿ. ನಿಂತಾವ್ರು ಬೀಳ್ತಾರ್ರಿ."

"ಎಷ್ಟು ಚಂದ ಹೇಳಿದ್ರಿ! ಇದು ನಮಗೂ ಹೊಳೆದಿರ್ಲಿಲ್ಲ," ಎಂದರು ಮೇಡಂ.

ತಾರವ್ವನಿಗೆ ತಡೆಯಲಾಗಲಿಲ್ಲ. ನೆಲಕ್ಕೆ ಕೂತು ಹೇಳುವುದು ತನ್ನದೇ ರೂಢಿ, ಯಾರೂ ಕಲಿಸಿಕೊಟ್ಟಿದ್ದಲ್ಲ.

"ಅದು ನಂದ್ರಿ ಮೇಡಂ! ನನ್ನ ನೋಡಿ ಕದ್ದಾಳ ಅಕಿ!"

ಎಲ್ಲರೂ ತಿರುಗಿ ನೋಡಿದರು. ದಿಲಶಾದಬಿಗೆ ಸಿಟ್ಟು ಬರಲಿಲ್ಲ.

"ಹೌದ್ರಿ, ಅಕ್ಕಂದ. ನಮ್ಮ ಮನಿಯವ್ರು ಇಲ್ಲೇ ತೀರಿಕೊಂಡಾಗ ಅಕ್ಕ ನನ್ನ ಮುಂದ ಹಿಂಗ ನೆಲಕ್ಕ ಕೂತಿದ್ಲು. ನನ್ನ ಕೈ ಬಿಟ್ಟಿದ್ದಿಲ್ಲ. ಅವತ್ತ ಕಲ್ತೇನಿ."

ತಾರವ್ವ ನೆನಪು ಮಾಡಿಕೊಳ್ಳಲು ನೋಡಿದಳು. ಹಾಗೆ ಅವಳು ಕೈ ಹಿಡಿದದ್ದು ನೂರಾರು ಮಂದಿಯದು, ಈ ಮುಖ ನೆನಪಿಗೆ ಬರಲಿಲ್ಲ. ಇಬ್ಬರೂ ಎರಡು ವರ್ಷ ಒಂದೇ ವಾರ್ಡ್ ಒರೆಸಿದ್ದರು. ನಿನ್ನ ಗಂಡ ಏನಾದ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಹಂಗಾದ್ರ ತಾಯಿ ಪಾತ್ರ ನೀವ ಮಾಡ್ರಿ, ಬರ್ರಿ," ಎಂದರು ಮೇಡಂ ತಾರವ್ವನಿಗೆ.

ಬೆಳಗಿನಿಂದ ಬೇಕೆಂದು ಸಂಕಟಪಟ್ಟ ಜಾಗ ಅದು. ಎರಡು ಹೆಜ್ಜೆ ಇಡುವಷ್ಟರಲ್ಲಿ, ಅದು ಸುದ್ದಿ ಕೇಳುವವರ ಜಾಗ ಎಂದು ಹೊಳೆದು ತಾರವ್ವ ಗೋಡೆ ಹಿಡಿದು ನಿಂತಳು. ದಿಲಶಾದಬಿ ಅದನ್ನು ಕಂಡಳು. ಬಂದು ಅವಳೆದುರು ನೆಲಕ್ಕೆ ಕೂತಳು.

ತಾರವ್ವನೂ ಕೂತಳು.