ಗೌರಮ್ಮ ಮೇಡಂ ಮತ್ತು ಐಸಿನಲ್ಲಿಟ್ಟ ಬೇರು

ಗೌರಮ್ಮ ಮೇಡಂ ಐಸ್ ಡಬ್ಬಿ ಹಿಡಿದು ಒಳಗೆ ಬಂದರೆಂದರೆ ನಮ್ಮ ಪ್ರಯೋಗಾಲಯ ಬಾಯಿ ಮುಚ್ಚುತ್ತಿತ್ತು. ಕಂಪ್ಲಿಯಿಂದ ಬಸ್ಸಿನಲ್ಲಿ ಬಂದು, ಹೊಸಪೇಟೆ ನಿಲ್ದಾಣದ ಸೋಡಾ ಅಂಗಡಿಯಲ್ಲಿ ಐಸ್ ಕೊಂಡು, ಅದು ಕರಗುವ ಮೊದಲೇ ಕಾಲೇಜು ಮುಟ್ಟುತ್ತಿದ್ದರು. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಕಿಟಕಿ ಮುಚ್ಚಿದರೂ ಗಾಜಿನ ಸ್ಲೈಡಿನ ಮೇಲೆ ಕೆಂಪು ದೂಳು. ಅದನ್ನು ದುಪಟ್ಟಾದಿಂದ ಒರೆಸಿದವರಿಗೆ ಆ ದಿನ ಉಳಿಗಾಲವಿರಲಿಲ್ಲ.

ಐಸಿನಲ್ಲಿಡುತ್ತಿದ್ದುದು ಈರುಳ್ಳಿ ಬೇರಿನ ತುದಿ. ಜೀವಕೋಶ ಎರಡಾಗುವಾಗ ಒಳಗೆ ಪ್ರೋಟೀನಿನ ಎಳೆಗಳು ಕಟ್ಟಿಕೊಂಡು ವರ್ಣತಂತುಗಳನ್ನು ಎರಡು ಕಡೆಗೆ ಜಗ್ಗುತ್ತವೆ. ಚಳಿ ತಾಗಿದರೆ ಎಳೆಗಳು ಚೂರುಚೂರಾಗಿ ಬಿಚ್ಚಿಕೊಂಡು, ವರ್ಣತಂತುಗಳು ನಿಂತಲ್ಲೇ ನಿಲ್ಲುತ್ತವೆ. ಬೆಚ್ಚಗಾದರೆ ಅದೇ ಚೂರುಗಳು ಮತ್ತೆ ಕೂಡುತ್ತವೆ. ಒಮ್ಮೆ ನಾನು ಹರಟೆಯಲ್ಲಿ ಮೈಮರೆತು ಬೇರನ್ನು ಐಸ್ ಡಬ್ಬಿಯ ಸಮೇತ ಮರುದಿನದವರೆಗೂ ಫ್ರಿಜ್ಜಿನಲ್ಲೇ ಬಿಟ್ಟೆ. ಬೆಚ್ಚಗೆ ಮಾಡಿದರೂ ಎಷ್ಟೋ ಕೋಶಗಳು ಎರಡಾಗದೆ ಕೆಟ್ಟುಕೂತಿದ್ದವು. ಮೇಡಂ ಬೈಯಲಿಲ್ಲ.

"ಎಳಿ ಮತ್ತ ಕಟ್ತಾವ, ಖರೆ. ಆದ್ರ ಹೊತ್ತು ಮೀರಿದ್ರ ಕೋಶ ಮೊದ್ಲಿನಂಗ ಆಗೂದಿಲ್ಲ. ಗಡಿಯಾರ ನೋಡ್ಕೊಂತ ಕೆಲ್ಸ ಮಾಡವ್ವಾ," ಎಂದರು.

ಹಾಗೆಂದವರೇ ತಮ್ಮ ಎದೆಯ ಗಂಟಿನ ವಿಷಯದಲ್ಲಿ ಗಡಿಯಾರ ನೋಡಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮೌಲ್ಯಮಾಪನ, ಆಮೇಲೆ ಹೊಸ ಹುಡುಗಿಯರ ತರಗತಿ. ನೋವಿಲ್ಲವಲ್ಲ ಎಂದು ಸುಮ್ಮನಿದ್ದರಂತೆ. ಅಷ್ಟರಲ್ಲಿ ನಾನು ಓದು ಮುಗಿಸಿ ಊರಿನ ಖಾಸಗಿ ಲ್ಯಾಬೊಂದರಲ್ಲಿ ಸ್ಲೈಡು ಮಾಡುವ ಕೆಲಸಕ್ಕೆ ಸೇರಿದ್ದೆ. ಒಂದು ಬೆಳಿಗ್ಗೆ ಪರೀಕ್ಷೆಗೆ ಬಂದ ಮಾಂಸದ ತುಣುಕಿನ ಶೀಶೆಯ ಮೇಲೆ ಅವರ ಹೆಸರಿತ್ತು. ಸ್ಲೈಡು ನಾನೇ ಮಾಡಿದೆ. ಅದನ್ನು ನೋಡಿದ ಡಾಕ್ಟರು ಕ್ಯಾನ್ಸರ್ ಎಂದು ವರದಿ ಬರೆದರು.

ವರದಿಗೆ ಮೇಡಂ ತಾವೇ ಬಂದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿದುಹೋಯಿತು. ಕಾಗದ ಬ್ಯಾಡ, ಸ್ಲೈಡು ತೋರಿಸು ಎಂದರು. ಡಾಕ್ಟರು ತಡೆಯಲಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಮ್ಮದೇ ಕೋಶಗಳನ್ನು ಅವರು ಬಹಳ ಹೊತ್ತು ನೋಡಿದರು. ನನ್ನನ್ನೂ ಕರೆದು, ಎರಡಕ್ಕೆ ಬದಲು ಮೂರು ಕಡೆಗೆ ಒಡೆಯುತ್ತಿದ್ದ ಒಂದನ್ನು ತರಗತಿಯಲ್ಲಿ ತೋರಿಸುವಂತೆಯೇ ತೋರಿಸಿದರು. ನನಗೆ ಅಳು ಬಂತು.

"ಮೈ ಬೆಚ್ಚಗ ಇರೋತನಕ ಇವಕ್ಕೇನೂ ತೊಂದ್ರಿಲ್ಲ. ಭಾಳ ಚಂದ ಎಳಿ ಕಟ್ಕೊಳ್ತಾವ," ಎಂದರು. ಆಮೇಲೆ ಕಣ್ಣು ತೆಗೆಯದೆಯೇ ಕೇಳಿದರು: "ಆರು ತಿಂಗ್ಳ ಮೊದ್ಲ ಬಂದಿದ್ರನೂ ಹಿಂಗ ಇರ್ತಿತ್ತೇನವ್ವಾ?"

"ಹಿಂಗ ಇರ್ತಿತ್ರಿ, ಮೇಡಂ," ಎಂದೆ.

ಆ ದಿನದ ನಂತರ ನಾನು ಅವರನ್ನು ಮತ್ತೆ ನೋಡಲಿಲ್ಲ. ನನ್ನ ತಪ್ಪು ಉತ್ತರವೊಂದನ್ನು ಅವರು ತಿದ್ದದೆ ಬಿಟ್ಟದ್ದು ಅದೊಂದೇ ಸಲ.